ತೇಗದ ಕಾಡಿನ ಹಳದಿ ಪತಂಗ

ಕಾರ್ತಿಕಮಾಸದಲ್ಲಿ ಹಳಿಯಾಳದಿಂದ ದಾಂಡೇಲಿಯ ಕಡೆಗೆ ಹೊರಟಾಗ, ದಾರಿಯ ತೇಗದ ಮರಗಳು ಬೆಂಕಿಯ ಝಳ ತಗುಲಿದಂತೆ ಕಂದಿರುವುದನ್ನು ನಾವು ಕಂಡೆವು. ಎಲೆಯೊಂದನ್ನು ಬೆಳಕಿಗೆ ಹಿಡಿದರೆ ಹಸುರೆಲ್ಲ ಹೋಗಿ ನರಗಳ ಬಲೆ ಮಾತ್ರ ಉಳಿದಿತ್ತು. ಸಂಗಡ ಬಂದಿದ್ದ ರೈತರೊಬ್ಬರು, “ಮಾಸ್ತರ, ನಮ್ಮ ಹೊಲದ ಸಾಗವಾನಿ ಗಿಡಾನೂ ಹೀಂಗ ಆಗ್ಯಾವ್ರಿ, ಕಡಿಸಿಬಿಡಲೇನ್ರಿ?” ಎಂದು ಕೇಳಿದರು.

ಉತ್ತರವು ಪತಂಗದ ಗುರುತಿನಲ್ಲಿತ್ತು. ಮುಂಗಾರಿನ ಎಳೆಯೆಲೆಯನ್ನು ನರಸಹಿತ ತಿಂದುಹಾಕುವ ಹುಳುವಿನ ಪತಂಗವು ಬೂದುಗಂದು ಬಣ್ಣದ್ದು. ಅದರ ಹಿಂದಿನ ರೆಕ್ಕೆಗಳಲ್ಲಿ ಕಿತ್ತಳೆ ಮಚ್ಚೆಗಳಿರುತ್ತವೆ. ನಮಗೆ ಎಲೆಯಡಿಯಲ್ಲಿ ಸಿಕ್ಕಿದುದಾದರೋ ಅದಕ್ಕಿಂತ ಚಿಕ್ಕದು, ತೆಳುಹಳದಿ, ಮೇಲೆ ಕೆಂಪು ಡೊಂಕುಗೆರೆಗಳು. ಸಂಸ್ಕೃತಕವಿಗಳಿಗೆ ಶಲಭವೆಂದರೆ ದೀಪಕ್ಕೆ ಬೀಳುವ ಪ್ರಾಣಿ. ಅದಕ್ಕೆ ಮೊದಲು ಅದು ಏನು ತಿಂದಿತೆಂದು ವಿಚಾರಿಸಿದವರು ಅಪರೂಪ!

ಹೆಣ್ಣು ಪತಂಗವು ಎಲೆಯ ಮೇಲೆ ಒಂದೊಂದಾಗಿ ಮೊಟ್ಟೆಯಿಡುವುದು. ಹೊರಬಂದ ಹಸುರು ಮರಿಹುಳುವು ನೂಲಿನ ತೆಳುಪರದೆಯ ಮರೆಯಲ್ಲಿ ನರಗಳ ನಡುವಣ ತಿರುಳನ್ನು ಮೇಯ್ದು, ಹಲವು ಸಲ ಪೊರೆ ಕಳಚಿ, ಎಲೆಯಲ್ಲಿಯೇ ನೂಲು ನೇಯ್ದು ಕೋಶಾವಸ್ಥೆಯನ್ನು ಹೊಂದುವುದು. ಹವೆ ಅನುಕೂಲವಾಗಿದ್ದರೆ ತಿಂಗಳೊಳಗೆ ಹೊಸ ಪತಂಗ ಸಿದ್ಧ.

ಕೇರಳದ ನಿಲಂಬೂರಿನ ಎಳೆಯ ತೇಗದ ತೋಪುಗಳಲ್ಲಿ ನಡೆದು 1985ರಲ್ಲಿ ಪ್ರಕಟವಾದ ಪರೀಕ್ಷೆಯಂತೆ, ಮುಂಗಾರಿನ ಹುಳುವಿನಿಂದ ಮರವು ಬೆಳೆಯಬಹುದಾಗಿದ್ದ ಗಾತ್ರದಲ್ಲಿ ನೂರಕ್ಕೆ 44 ಪಾಲು ನಷ್ಟವಾಗುತ್ತದೆ. ಈ ಹಳದಿ ಪತಂಗದ ಹುಳುವಿನಿಂದ ಗಣನೀಯ ನಷ್ಟ ಕಾಣಲಿಲ್ಲ. ಇದು ತಿನ್ನುವುದು ಬಹುಮಟ್ಟಿಗೆ ಮುದಿಯೆಲೆಯನ್ನು. ಕೆಲವು ವಾರಗಳಲ್ಲಿ ಅದು ತಾನಾಗಿಯೇ ಉದುರತಕ್ಕದ್ದು. ಇಷ್ಟನ್ನು ತಿಳಿಸಿ, ಚೈತ್ರ ವೈಶಾಖ ಕಳೆದು ಚಿಗುರು ಬರುವವರೆಗೆ ಕಾಯಿರೆಂದೆವು. ಅವರು ಎಲೆಯನ್ನು ಮಡಿಸಿ, ಮನೆಯವರಿಗೆ ತೋರಿಸಲೆಂದು ಜೇಬಿನಲ್ಲಿಟ್ಟುಕೊಂಡರು.