ವಾಷರಿಗೆ ಡ್ರಿಪ್ ಪೈಪು

ಪುರವರದಿಂದ ಮಧುಗಿರಿ ಕಡೆಗೆ ಸಂಜೆ ಕಾರು ಓಡಿಸುವವರಿಗೆ ಇದು ಗೊತ್ತಿರುತ್ತದೆ. ಎದುರಿಗೆ ಇಳಿಬಿಸಿಲು, ಮುಂದೆ ಜಲ್ಲಿ ತುಂಬಿದ ಟಿಪ್ಪರು, ಗಾಜಿನ ತುಂಬ ಧೂಳು. ನೀರಿಲ್ಲದೆ ವೈಪರ್ ಆಡಿಸಿದರೆ ಧೂಳು ಹೋಗುವುದಿಲ್ಲ, ಬಳಿದುಕೊಳ್ಳುತ್ತದೆ. ಲೈಟಿಲ್ಲದ ಬೈಕು, ಹಟ್ಟಿಗೆ ಮರಳುವ ಕುರಿಮಂದೆ ಎರಡೂ ತೀರಾ ಹತ್ತಿರ ಬಂದ ಮೇಲೇ ಕಾಣುವುದು.

ನಾವು ಮೂವರು ಸೇರಿ ಕೊಂಡ ಹಳೇ ಕಾರಿನಲ್ಲಿ ಲಿವರ್ ಎಳೆದರೆ ಮೋಟರು ಗುಯ್ ಅನ್ನುತ್ತಿತ್ತು, ಗಾಜಿಗೆ ಹನಿ ನೀರೂ ಬೀಳುತ್ತಿರಲಿಲ್ಲ. ಸದ್ದು ಬರುತ್ತಿದೆ ಎಂದರೆ ಫ್ಯೂಸು ಸರಿಯಿದೆ, ಮೋಟರೂ ತಿರುಗುತ್ತಿದೆ. ಬಾನೆಟ್ ಎತ್ತಿ ಹುಡುಕಿದೆವು. ಬಾನೆಟ್ಟಿನ ಕೀಲಿನ ಹತ್ತಿರ ಪೈಪು ಬಾಗುವ ಜಾಗದಲ್ಲೇ ಸೀಳು. ಎಂಜಿನ್ ಕಾವು ಒಂದು ಕಡೆ, ಬಾನೆಟ್ ಎತ್ತಿ ಇಳಿಸುವಾಗ ಮಡಚಿಕೊಳ್ಳುವುದು ಇನ್ನೊಂದು ಕಡೆ. ಸೀಳದೆ ಇನ್ನೇನಾದೀತು?

ಬಿಡಿಭಾಗದ ಅಂಗಡಿಯಲ್ಲಿ ಇಡೀ ಸೆಟ್ಟೇ ತರಿಸಬೇಕೆಂದರು. ಡ್ರಿಪ್ ಸಾಮಾನು ಮಾರುವ ಹುಡುಗ ಮಾತ್ರ ತುಂಡನ್ನು ಕಣ್ಣ ಹತ್ತಿರ ಹಿಡಿದು, "ಅಣ್ಣ, ಇದು ನಮ್ ಮೈಕ್ರೋ ಟ್ಯೂಬ್ ಇದ್ದಂಗೇ ಐತಲ್ಲ, 4 ಎಂ.ಎಂ.ದು" ಅಂದ. ಒಂದು ಮೀಟರು ಪೈಪು, ಎರಡು ಜಾಯಿನರು ಕೊಟ್ಟ. ಸೀಳಿದ ಭಾಗವನ್ನು ನೇರಕ್ಕೆ ಕತ್ತರಿಸಿ, ಹೊಸ ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗಾದ ಮೇಲೆ ಒತ್ತಿದರೆ ಬಿಗಿಯಾಗಿ ಕೂರುತ್ತದೆ. ಈ ಪೈಪು ಸ್ವಲ್ಪ ಗಡಸು. ಬಾಗುವ ಕಡೆ ಉದ್ದ ಹೆಚ್ಚು ಬಿಡಬೇಕು, ಎಂಜಿನ್ನಿಗೆ ತಾಗದಂತೆ ಕಟ್ಟಬೇಕು.

ಅಷ್ಟು ಮಾಡಿದರೂ ನೀರು ಒಂದೇ ತೂತಿನಿಂದ ಬಂತು. ಇನ್ನೊಂದರ ಬಾಯಿಗೆ ಬಿಳೀ ಉಪ್ಪು ಕಟ್ಟಿತ್ತು. ಅಡಿಕೆ ತೋಟದ ಡ್ರಿಪ್ಪರುಗಳನ್ನು ಮುಚ್ಚುವ ಅದೇ ಉಪ್ಪು. ತೂತು ಮುಚ್ಚಿದರೆ ಒತ್ತಡವೆಲ್ಲ ಪೈಪಿನ ಮೇಲೆ, ಹಾಗಾಗಿ ದುರ್ಬಲ ಜಾಗ ಬೇಗ ಬಾಯಿ ಬಿಡುತ್ತದೆ. ಪಾವಗಡ, ಮಧುಗಿರಿ, ಸಿರಾ ಸೀಮೆಯ ನೀರೆಂದರೆ ನೆನಪಾಗುವುದು ಫ್ಲೋರೈಡು, ಕಂದು ಹಲ್ಲು. ತೂತು ಕಟ್ಟಿಸುವುದು ಅದಲ್ಲ, ಗಡಸು ನೀರಿನ ಕ್ಯಾಲ್ಸಿಯಂ. ನಿಂಬೆರಸದಲ್ಲಿ ನೆನೆಸಿ, ಸೂಜಿಯಿಂದ ಚುಚ್ಚಿದೆವು.

ಆಮೇಲೆ ಶುರುವಾಯಿತು ಜಗಳ. ಟ್ಯಾಂಕಿಗೆ ಯಾವ ನೀರು? ಒಬ್ಬರು ಶುದ್ಧ ನೀರಿನ ಘಟಕದ್ದು ಅಂದರು. ಬಿಂದಿಗೆ ಹಿಡಿದು ಅಜ್ಜಿಯರು ಸಾಲು ನಿಲ್ಲುವ ನೀರನ್ನು ಗಾಜಿಗೆ ಹೊಡೆಯುವುದು ನಮ್ಮಿಬ್ಬರಿಗೆ ಸರಿಬರಲಿಲ್ಲ. ಮಳೆ ಬಂದಾಗ ಮಾಳಿಗೆಯ ನೀರು ಹಿಡಿದಿಡುತ್ತೇವೆ. ಇಲ್ಲದಾಗ ಕೊಳವೆಬಾವಿ ನೀರನ್ನೇ ಚೆನ್ನಾಗಿ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸುತ್ತೇವೆ. ಕುದಿಸಿದಾಗ ಒಂದಷ್ಟು ಸುಣ್ಣ ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಮೂರನೆಯವರು ಇನ್ನೂ ಒಪ್ಪಿಲ್ಲ, ಗ್ಯಾಸು ಯಾರಪ್ಪಂದು ಎಂದು ಕೇಳುತ್ತಾರೆ.