ಸುಲೇಪೇಟದ ದಾರಿಯಲ್ಲಿ

ಕಲಬುರಗಿ ಜಿಲ್ಲೆಯ ಪೂರ್ವಭಾಗವು ಸುಣ್ಣಕಲ್ಲಿನ ನಾಡು. ಮನೆಗಳ ನೆಲಕ್ಕೆ ಹಾಸುವ ಶಹಾಬಾದಿನ ಫರಸಿಯೂ ವಾಡಿಯ ಸಿಮೆಂಟೂ ಈ ಕಲ್ಲಿನ ಕೊಡುಗೆಗಳೇ. ಇಂತಹ ನೆಲದಲ್ಲಿ ಬಾವಿಯ ನೀರು ಗಡುಸಾಗಿರುವುದು ಸಹಜ. ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಹಕ್ಕಳೆಯನ್ನು ಇಲ್ಲಿಯ ಗೃಹಿಣಿಯರೆಲ್ಲರೂ ಬಲ್ಲರು. ಅದು ಮೋಟಾರು ಗಾಡಿಯ ಒಡಲಿನಲ್ಲಿಯೂ ಕಟ್ಟುತ್ತದೆಂಬುದನ್ನು ಪ್ರಯಾಣಿಕರು ತಿಳಿದಿರುವುದು ಲೇಸು.

ಪುಷ್ಯಮಾಸದ ಒಂದು ಮುಂಜಾವಿನಲ್ಲಿ ನಾವು ಚಿತ್ತಾಪುರವನ್ನು ಬಿಟ್ಟು, ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿದ್ದ ಕಾಗಿಣಾ ತೀರದ ಮಳಖೇಡವನ್ನು ಕಂಡು, ಸೇಡಂ ಮಾರ್ಗವಾಗಿ ಚಿಂಚೋಳಿಯತ್ತ ಸಾಗಿದೆವು. 2011ರಲ್ಲಿ ವನ್ಯಜೀವಿಧಾಮವೆನಿಸಿದ ಅಲ್ಲಿಯ ಅರಣ್ಯವನ್ನು ನೋಡಬೇಕೆಂಬುದು ನಮ್ಮ ಅಪೇಕ್ಷೆ. ಇಕ್ಕೆಲಗಳಲ್ಲಿಯೂ ಕರಿಯ ಮಣ್ಣಿನ ಹೊಲಗಳು, ಕೊಯ್ಲಿಗೆ ಬಂದ ತೊಗರಿ. ಚಳಿ ಬಲವಾಗಿತ್ತು. ವೃದ್ಧರಾದ ಮಾತೆಯವರಿಗೆಂದು ಹೀಟರನ್ನು ತಿರುಗಿಸಿದರೆ ತಣ್ಣನೆಯ ಗಾಳಿಯೇ ಬೀಸಿತು. ದೂರದ ಒಂದು ಕಾರ್ಯಾಗಾರದಲ್ಲಿ ಕೂಲಂಟನ್ನು ಬದಲಿಸಿ ಇನ್ನೂ ವಾರವಾಗಿರಲಿಲ್ಲ. ಸುಲೇಪೇಟ ಸಮೀಪಿಸುತ್ತಿರಲು ಉಷ್ಣಮಾಪಕದ ಮುಳ್ಳು ಏರತೊಡಗಿತು. ಗಾಡಿಯನ್ನು ನಿಲ್ಲಿಸಿ ಊರಿನ ಮಿಸ್ತ್ರಿಯೊಬ್ಬರನ್ನು ಕರೆಸಿದೆವು.

"ಮುಚ್ಚಳಕ್ಕ ಕೈ ಹಚ್ಚಬ್ಯಾಡ್ರಿ, ಸಾಹೇಬ್ರ, ಮೊದಲ ಆರಲಿ," ಎಂಬುದೇ ಅವರ ಮೊದಲ ಮಾತು. ಕುದಿಯುವ ನೀರು ಒತ್ತಡದಿಂದ ಚಿಮ್ಮಿ ಮೈ ಸುಡುವುದುಂಟು.

ಹೀಟರೆಂಬುದು ಬೇರೊಂದು ಒಲೆಯಲ್ಲ. ಎಂಜಿನಿನ ಬಿಸಿನೀರು ಹರಿಯುವ ಪುಟ್ಟ ರೇಡಿಯೇಟರು. ಹೊಸ ಕೂಲಂಟನ್ನು ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಂಡರೆ ನೀರಿನ ಹರಿವು ತಡೆಯುತ್ತದೆ. ಹೀಟರು ತಣ್ಣಗಾಗಿ ಮುಳ್ಳು ಏರಿದರೆ ಗಾಡಿಯನ್ನು ಮುಂದಕ್ಕೆ ಓಡಿಸಲೇಬಾರದು. ಎಂಜಿನಿನ ತಲೆಭಾಗವು ಕಾದು ಸೊಟ್ಟಗಾಗುವ ಭಯವಿದೆ.

ಗಾಡಿ ಪೂರ್ಣವಾಗಿ ಆರಿದ ಮೇಲೆ ಅದನ್ನು ತಳ್ಳಿ, ಮುಂಭಾಗವು ಎತ್ತರಕ್ಕಿರುವಂತೆ ನಿಲ್ಲಿಸಿದರು. ನೆರೆಮನೆಯವರು ಪ್ರೀತಿಯಿಂದ ತಂದ ಕೊಡದ ನೀರನ್ನು ನಮಗೆ ಕುಡಿಯಲು ಕೊಡಿಸಿ, ಗಾಡಿಗೆ ಮಾತ್ರ ಬಟ್ಟಿಯಿಳಿಸಿದ ನೀರು ಬೆರೆಸಿದ ಕೂಲಂಟನ್ನೇ ಹೊಯ್ದರು. ಮುಚ್ಚಳವನ್ನು ತೆರೆದಿಟ್ಟು, ಹೀಟರನ್ನು ಪೂರ್ಣ ಬಿಸಿಗೆ ತಿರುಗಿಸಿ, ಎಂಜಿನನ್ನು ಮೆಲ್ಲಗೆ ನಡೆಸಿದರು. ಗುಳ್ಳೆಗಳು ಎದ್ದು ಮಟ್ಟ ಇಳಿದಂತೆಲ್ಲ ಮತ್ತೆ ತುಂಬಿದರು. ಗುಳ್ಳೆ ನಿಂತಿತು, ಬೆಚ್ಚನೆಯ ಗಾಳಿ ಬಂದಿತು, ಮುಳ್ಳೂ ತನ್ನ ನೆಲೆಯಲ್ಲಿ ನಿಂತಿತು.

ಎಲ್ಲ ದೋಷವೂ ಗಾಳಿಯದೇ ಆಗಿರುವುದಿಲ್ಲ. ಹೀಟರಿಗೆ ಹೋಗುವ ಎರಡು ಕೊಳವೆಗಳನ್ನು ಎಚ್ಚರದಿಂದ ಮುಟ್ಟಿ ನೋಡಬೇಕು. ಎರಡೂ ಬಿಸಿಯಿದ್ದರೆ ಗಾಳಿಯನ್ನು ತಿರುಗಿಸುವ ಬಾಗಿಲಿನ ಕಡೆ ನೋಡಬೇಕು. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಒಳಗೆ ಗಾಳಿಯೋ ಹಕ್ಕಳೆಯೋ ಅಡ್ಡವಾಗಿರಬಹುದು. ಎಷ್ಟು ಓಡಿಸಿದರೂ ಎಂಜಿನು ಕಾಯದಿದ್ದರೆ ಥರ್ಮೋಸ್ಟಾಟು ತೆರೆದೇ ಉಳಿದಿರಬಹುದು. ತುಂಬಿದ ಕೂಲಂಟು ದಿನದಿನಕ್ಕೆ ಇಳಿದರೆ ಸೋರಿಕೆಯನ್ನು ಹುಡುಕಬೇಕು.

ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಈ ಸೀಮೆಯಲ್ಲಿ ಹೀಟರನ್ನು ಮುಟ್ಟುವವರು ವಿರಳ. ಆದುದರಿಂದ ದೋಷವು ಬಹುಕಾಲ ಮರೆಯಾಗಿಯೇ ಇರುತ್ತದೆ. ಕೂಲಂಟನ್ನು ಬದಲಿಸಿದ ದಿನ, ಅದು ಚೈತ್ರಮಾಸದ ನಡುಹಗಲೇ ಆಗಿದ್ದರೂ, ಕಾರ್ಯಾಗಾರದ ಅಂಗಳದಲ್ಲಿಯೇ ಒಮ್ಮೆ ಹೀಟರನ್ನು ನಡೆಸಿ ನೋಡಿ, ಬಿಸಿಗಾಳಿ ಬಂದ ಮೇಲೆಯೇ ಮನೆಯವರನ್ನು ಕರೆದುಕೊಂಡು ದೂರದ ದಾರಿಗೆ ಹೊರಡುವುದು ಕ್ಷೇಮ.