ಫ್ಯೂಸು, ಬೆಳ್ಳಿ ಕಾಗದ ಮತ್ತು ಅಪ್ಪನ ಬಲ್ಬು

ಬರೆಯದೆ ತುಂಬಾ ದಿನ ಆಯ್ತು. ಇವತ್ತು ಬರೆಯುತ್ತಿರುವುದು ನನ್ನದೇ ಒಂದು ದಡ್ಡತನದ ಬಗ್ಗೆ. ಓದಿ ನಕ್ಕರೂ ಪರವಾಗಿಲ್ಲ, ನೀವು ಮಾತ್ರ ಹಾಗೆ ಮಾಡಬೇಡಿ :)

ಕೃಷ್ಣರಾಜಪೇಟೆಯ ನಮ್ಮ ಮನೆಯಲ್ಲಿ 1999ರ ಒಂದು ಮಾರುತಿ 800 ಇದೆ. ಆ ಮಾಡೆಲ್ ತಯಾರಾಗುವುದು 2014ರಲ್ಲೇ ನಿಂತಿತು. ಅಪ್ಪ ನಿವೃತ್ತರಾದಾಗ ಬಂದ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ ಕಾರು. ಹೇಮಗಿರಿ ಜಾತ್ರೆಗೂ ಅದೇ, ಮೈಸೂರಿನ ಆಸ್ಪತ್ರೆಗೂ ಅದೇ.

ಹೋದ ತಿಂಗಳು ಅಪ್ಪನ ಕಣ್ಣು ತೋರಿಸಿಕೊಂಡು ಮೈಸೂರಿನಿಂದ ವಾಪಸ್ ಬರುತ್ತಿದ್ದೆವು. ಕಣ್ಣಿಗೆ ಡ್ರಾಪ್ಸ್ ಹಾಕಿದ್ದರಿಂದ ಅಪ್ಪ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದ್ದರು. ಚಿನಕುರಳಿ ದಾಟಿದ್ದೆವು, ರಾತ್ರಿ ಒಂಬತ್ತಿರಬಹುದು, ಸಣ್ಣ ಮಳೆ. ಚಕ್ರ ಒಂದು ಗುಂಡಿಗೆ ಇಳಿದದ್ದೇ ತಡ, ಮೀಟರಿನ ಮುಳ್ಳು ಕೆಳಗೆ ಬಿತ್ತು, ಎಂಜಿನ್ ನಿಂತಿತು. ನೋಡಿದರೆ 15 ಆಂಪಿಯರಿನ ನೀಲಿ ಫ್ಯೂಸ್ ಹಾರಿದೆ. ಮೀಟರ್ ಬೋರ್ಡಿಗೂ ಎಂಜಿನ್ನಿನ ಇಗ್ನಿಷನ್ ಕಾಯಿಲಿಗೂ ಕರೆಂಟು ಹೋಗುವುದು ಅದರಿಂದಲೇ. ಇದ್ದ ಒಂದೇ ಸ್ಪೇರ್ ಹಾಕಿ ಕೀ ತಿರುಗಿಸಿದೆ. ಅದೂ ಹಾರಿತು.

ಆಗ ನನ್ನ ಬುದ್ಧಿ ಓಡಿತು ನೋಡಿ... ಜೇಬಿನಲ್ಲಿದ್ದ ಚಾಕೊಲೇಟಿನ ಬೆಳ್ಳಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಫ್ಯೂಸಿನ ಜಾಗಕ್ಕೆ ತುರುಕಿದೆ. ಹೇಗೋ ಮನೆ ಸೇರಿದರೆ ಸಾಕಿತ್ತು. ಕೀ ತಿರುಗಿಸಿ ಎರಡು ಸೆಕೆಂಡ್ ಆಗಿಲ್ಲ, ಹಿಂದಿನಿಂದ ಅಪ್ಪನ ಕೂಗು.

"ಏನ್ಲಾ ಅದು ವಾಸ್ನೆ? ಏನಾಕಿದ್ದೀಯ? ಕಿತ್ತಾಕು ಮೊದ್ಲು!"

ಕೀ ಆಫ್ ಮಾಡಿ ಕಾಗದ ಕಿತ್ತೆ, ಬೆರಳು ಸುಟ್ಟಿತು. ಬಾನೆಟ್ ಎತ್ತಿದರೆ ತೆಳ್ಳಗೆ ಹೊಗೆ. ಕೊನೆಗೆ ಪರಿಚಯದವರ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಮನೆಗೆ ಎಳೆಸಿದೆವು.

ಬೆಳಗ್ಗೆ ಬಂದ ಮೆಕ್ಯಾನಿಕ್ ಹೊಸ ಫ್ಯೂಸ್ ಹಾಕಿದ. ಫ್ಯೂಸ್ ಹಾರಲೇ ಇಲ್ಲ! "ಎಲ್ಲೋ ಶಾರ್ಟ್ ಅದೆ ಸಾರ್, ಹುಡುಕಕ್ಕಾಗಲ್ಲ, ಪೂರ್ತಿ ವೈರಿಂಗೇ ಬದಲಾಯ್ಸಿ. ಇಲ್ಲಾಂದ್ರೆ ಗುಜರಿಗೆ ಹಾಕ್ಬುಡಿ" ಅಂತ ಹೇಳಿ ಹೋದ.

ಅಪ್ಪ ಕೆಇಬಿಯಲ್ಲಿ ಲೈನ್‌ಮ್ಯಾನ್ ಆಗಿದ್ದವರು. 1999ರಲ್ಲಿ ಅದು ಕೆಪಿಟಿಸಿಎಲ್ ಆಯ್ತು, 2005ರಲ್ಲಿ ನಮ್ಮ ಕಡೆಗೆ ಚೆಸ್ಕಾಂ ಬಂತು. ಊರಿನವರ ಬಾಯಲ್ಲಿ ಇನ್ನೂ ಕೆಇಬಿಯೇ. ಮೆಕ್ಯಾನಿಕ್ ಹೋದ ಮೇಲೆ ಅಪ್ಪ, "ಬ್ರೇಕ್ ಲೈಟಿನ ಬಲ್ಬು, ಎರಡು ತುಂಡು ವೈರು ತಗಬಾ" ಅಂದರು.

ಬಲ್ಬಿಗೆ ಎರಡು ವೈರು ಕಟ್ಟಿ, ಫ್ಯೂಸ್ ತೆಗೆದು ಆ ಎರಡು ಕಿಂಡಿಗೆ ಸಿಕ್ಕಿಸಿದೆವು. ಈಗ ಕರೆಂಟು ಬಲ್ಬಿನ ಮೂಲಕವೇ ಹೋಗಬೇಕು. 12 ವೋಲ್ಟಿನಲ್ಲಿ 21 ವಾಟ್ ಬಲ್ಬು ಎರಡು ಆಂಪಿಯರಿಗಿಂತ ಕಡಿಮೆಯೇ ಬಿಡುತ್ತದೆ, ಹಾಗಾಗಿ ಶಾರ್ಟ್ ಇದ್ದರೂ ವೈರು ಸುಡಲ್ಲ. ಕೀ ಆನ್ ಮಾಡಿದಾಗ ಬಲ್ಬು ಉರಿಯಿತು. ಮೀಟರ್, ಕಾಯಿಲ್, ಒಂದೊಂದೇ ಕನೆಕ್ಟರ್ ಬಿಚ್ಚಿದಂತೆ ಮಂಕಾಗುತ್ತಾ ಕೊನೆಗೆ ಪೂರ್ತಿ ಆರಿತು. ಎಲ್ಲ ಬಿಚ್ಚಿದ ಮೇಲೆ ಅದು ಮತ್ತೆ ಹತ್ತಿದರೆ, ವೈರು ಎಲ್ಲೋ ಬಾಡಿಗೆ ತಾಗುತ್ತಿದೆ ಅಂತಲೇ ಅರ್ಥ. ಬ್ಯಾಟರಿಯ ಮೈನಸ್ ಇರುವುದು ಬಾಡಿಗೇ ಅಲ್ಲವೇ.

"ನಂಗೆ ವೈರು ಕಾಣಲ್ಲ, ಬಲ್ಬು ಕಾಣ್ತದೆ. ನೀನು ಅಲ್ಲಾಡಿಸ್ತಾ ಬಾ" ಅಂತ ಅಪ್ಪ ಒಳಗೆ ಕೂತರು. ನಾನು ವೈರಿನ ಕಟ್ಟನ್ನು ಒಂದು ಗೇಣು ಒಂದು ಗೇಣು ಅಲ್ಲಾಡಿಸುತ್ತಾ ಹೋದೆ. ಒಂದು ಗಂಟೆ ಏನೂ ಇಲ್ಲ. ಬ್ಯಾಟರಿ ಪಕ್ಕ ಕೈ ಹಾಕಿ ಒತ್ತಿದೆ ಅಷ್ಟೆ, "ಹತ್ತ್ತು! ಅಲ್ಲೇ ಇರ್ಲಾ!"

ಕಟ್ಟನ್ನು ಹಿಡಿದಿಡುವ ಕ್ಲ್ಯಾಂಪ್ ಯಾವತ್ತೋ ಬಿದ್ದುಹೋಗಿತ್ತು. ವೈರು ಒಂದು ಕಬ್ಬಿಣದ ಪಟ್ಟಿಯ ಅಂಚಿಗೆ ಉಜ್ಜಿ ಉಜ್ಜಿ, ಒಂದು ರಾಗಿ ಕಾಳಿನಷ್ಟು ಜಾಗದಲ್ಲಿ ತಾಮ್ರ ಇಣುಕುತ್ತಿತ್ತು. ಕುಲುಕಿದರೆ ತಾಗುತ್ತದೆ, ಇಲ್ಲದಿದ್ದರೆ ಇಲ್ಲ. ಬೆಳಗ್ಗೆ ಫ್ಯೂಸ್ ಹಾರದಿದ್ದದ್ದು ಅದಕ್ಕೇ.

ಆದರೆ ಟೇಪು ಬಿಚ್ಚುತ್ತಾ ಹೋದಾಗ ನನ್ನ ಕೈ ನಡುಗಿತು. ಆ ರಾಗಿ ಕಾಳಿನಿಂದ ಹಿಂದಕ್ಕೆ ಎರಡು ಗೇಣು ಉದ್ದ ವೈರಿನ ಪ್ಲಾಸ್ಟಿಕ್ ಕರಗಿ, ಪಕ್ಕದ ವೈರುಗಳಿಗೂ ಅಂಟಿಕೊಂಡಿತ್ತು. ಉಜ್ಜಿದ್ದು ಕಾರಿನ ವಯಸ್ಸಿಗೆ. ಕರಗಿಸಿದ್ದು ನಾನು, ಎರಡು ಸೆಕೆಂಡಿನಲ್ಲಿ. ಅಲ್ಲಿಂದ ಪೆಟ್ರೋಲ್ ಪೈಪಿಗೆ ಎಷ್ಟು ದೂರ? ಹಿಂದಿನ ಸೀಟಿನಲ್ಲಿ ಕಣ್ಣು ಕಾಣದ ಅಪ್ಪ...

ಅಪ್ಪ ಬೈಯಲಿಲ್ಲ. "ಪಂಪ್‌ಸೆಟ್ ಓಡ್ಲಿ ಅಂತ ಟಿಸಿ ಫ್ಯೂಸಿಗೆ ದಪ್ಪ ತಂತಿ ಕಟ್ತಿದ್ರು ಜನ. ಫ್ಯೂಸ್ ಉಳೀತಿತ್ತು, ಟಿಸಿ ಸುಟ್ಟೋಗ್ತಿತ್ತು. ಫ್ಯೂಸ್ ಹಾರೋದು ರೋಗ ಅಲ್ಲ ಕಣಪ್ಪ, ರೋಗ ಅದೆ ಅಂತ ಹೇಳೋದು ಅದು" ಅಂದರು.

ಕರಗಿದ್ದನ್ನು ಕತ್ತರಿಸಿ, ಅದೇ ದಪ್ಪದ ಹೊಸ ವೈರು ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿ, ಹೊಸ ಕ್ಲ್ಯಾಂಪ್ ಕೂರಿಸಿದೆ. ಇನ್ನೂರು ರೂಪಾಯಿಯೂ ಖರ್ಚಾಗಲಿಲ್ಲ. ಕರಗಿದ ವೈರಿನ ತುಂಡನ್ನು ಎಸೆದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಐದು ಸ್ಪೇರ್ ಫ್ಯೂಸಿನ ಜೊತೆ ಇಟ್ಟಿದ್ದೇನೆ.

ನಿಮ್ಮ ಕಾರಿನಲ್ಲಿ ಸ್ಪೇರ್ ಫ್ಯೂಸ್ ಇದೆಯಾ? ಒಮ್ಮೆ ನೋಡಿಕೊಳ್ಳಿ.